ಕಸದ ಗಾಡಿ ತಳ್ಳೋ ತಾಯಿ, ಪಾಲಿಕೆಯ ಮೊಹರು: ಪುಣೆಯ ಮೂವತ್ತು ವರ್ಷದ ಕಥೆ

ಹೋದ ವಾರ ಆಡಿದ ಮಾತಿನ ಬರಹ ರೂಪ ಇದು. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೀನಿ.

ಮೊದಲು ನನ್ನದೇ ಒಂದು ತಪ್ಪು ಒಪ್ಕೊಂಡು ಶುರು ಮಾಡ್ತೀನಿ.

ನಾನಿರೋದು ಪುಣೆಯ ಬಾಣೇರ್ ಕಡೆ, ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ. ಹಿಂಜವಡಿಗೆ ಕೆಲಸಕ್ಕೆ ಹೋಗೋ ನಮ್ಮಂಥವರೇ ಅಲ್ಲಿ ಹೆಚ್ಚು. ಕೆಲವು ತಿಂಗಳ ಹಿಂದೆ ಸೊಸೈಟಿಯ ಸಭೆಯಲ್ಲಿ ಒಂದು ಪ್ರಸ್ತಾಪ ಬಂತು. ಮನೆಮನೆಯಿಂದ ಕಸ ಒಯ್ಯೋಕೆ ಬರೋ ಹೆಂಗಸರನ್ನ ಬಿಟ್ಟು, ಒಬ್ಬ ಗುತ್ತಿಗೆದಾರನ ಟೆಂಪೋ ಇಟ್ಕೊಳ್ಳೋಣ ಅಂತ. ಆತನ ಹತ್ತಿರ ಆ್ಯಪ್ ಇದೆ, ಜಿಪಿಎಸ್ ಇದೆ, ಹುಡುಗರಿಗೆ ಸಮವಸ್ತ್ರ ಇದೆ. ಒಂದು ಮನೆಗೆ ಹತ್ತು ರೂಪಾಯಿ ಕಡಿಮೆನೂ ಆಗ್ತಿತ್ತು. ಯಾರೋ ‘ಇದು ಹೆಚ್ಚು ಪರಿಸರಸ್ನೇಹಿ’ ಅಂದ್ರು. ಕೈ ಎತ್ತಿ ಅಂದ್ರು. ನಾನು ಮೊಬೈಲ್ ನೋಡ್ತಾ ಇದ್ದೆ. ಹಾಗೇ ಕೈ ಎತ್ತಿಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಫೋನಲ್ಲಿ ಊರಿಗೆ ಮಾತಾಡ್ತಾ ಬಾಗಿಲು ತೆಗೆದೆ. ನಾನು ವಿಜಯಪುರ ಜಿಲ್ಲೆ ಇಂಡಿ ಕಡೆಯವನು. ಅವ್ವನ ಜೊತೆ ನಮ್ಮ ಭಾಷೆಯಲ್ಲೇ ಜೋರಾಗಿ ಮಾತು ನಡೆದಿತ್ತು. ಕಸದ ಬುಟ್ಟಿ ತಗೊಳ್ತಿದ್ದ ಹೆಂಗಸು ನಿಂತು ಕೇಳಿದಳು: “ಕನ್ನಡದವರೇನ್ರೀ ನೀವು?”

ಮೂರು ವರ್ಷದಿಂದ ದಿನಾ ಬರೋಳು. ನಾನು ಅಷ್ಟೂ ದಿನ ಹಿಂದಿಯಲ್ಲೇ ಎರಡು ಮಾತಾಡಿ ಬಾಗಿಲು ಹಾಕ್ಕೊಂಡಿದ್ದೆ.

“ನಿಮ್ಮ ಊರು ಯಾವುದ್ರೀ?” ಅಂದೆ.

“ನಮ್ಮವ್ವನ ಊರು ಅಕ್ಕಲಕೋಟಿ ಕಡಿಗೆ ರೀ. ದೊಡ್ಡ ಬರ ಬಿದ್ದಾಗ ಬಂದ್ಳು. ಮತ್ತ ಹೊಳ್ಳಿ ಹೋಗ್ಲೇ ಇಲ್ಲ. ಆಕಿನೂ ಇದ ಕೆಲಸ ಮಾಡಿದ್ಳು, ಕಂಟೇನರದಾಗ ಇಳದು. ನಾ ಹಂಗ ಇಳಿಯಂಗಿಲ್ರೀ. ನನ್ನ ಹತ್ರ ಕಾರ್ಡ್ ಐತಿ.”

ಕೊರಳಿಗೆ ಹಾಕ್ಕೊಂಡಿದ್ದ ಗುರುತಿನ ಚೀಟಿ ತೋರಿಸಿದಳು. ಅದನ್ನ ಹೇಳುವಾಗ ಆಕೆ ದನಿಯಲ್ಲಿ ಇದ್ದ ಗತ್ತು ನನಗೆ ಅವತ್ತು ಪೂರ್ತಿ ಅರ್ಥ ಆಗಲಿಲ್ಲ. ಒಂದು ಪ್ಲಾಸ್ಟಿಕ್ ಕಾರ್ಡಲ್ಲಿ ಏನಿದೆ? ನಮ್ಮೆಲ್ಲರ ಕೊರಳಲ್ಲೂ ಕಂಪನಿ ಕಾರ್ಡ್ ಇರುತ್ತೆ. ಆದರೆ ಆಕೆ ಕಾರ್ಡ್ ಬರೋಕೆ ಮುಂಚೆ ಏನೇನು ನಡೆದಿತ್ತು ಅಂತ ಓದ್ತಾ ಹೋದ ಹಾಗೆ, ಹಿಂದಿನ ದಿನ ಎತ್ತಿದ ಕೈ ಭಾರ ಆಗ್ತಾ ಬಂತು. ಆ ಕಥೆನೇ ಇವತ್ತಿನ ವಿಷಯ.

ಕಂಟೇನರಿನ ಕಾಲ

1972ರ ಬರ ಅಂದ್ರೆ ನಮ್ಮ ಕಡೆ ಹಿರಿಯರಿಗೆ ಬೇರೆ ವಿವರಣೆ ಬೇಡ. ಮರಾಠವಾಡಾ, ಸೋಲಾಪುರ, ಈ ಕಡೆ ನಮ್ಮ ಜಿಲ್ಲೆಗಳು — ಎಲ್ಲಾ ಕಡೆ ಬೆಳೆ ಹೋಯ್ತು, ಬಾವಿ ಬತ್ತಿದವು. ಜಮೀನಿಲ್ಲದ ದಲಿತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಪುಣೆ, ಮುಂಬೈ ಕಡೆ ಬಂದವು. ಪುಣೆಗೆ ಬಂದ ಗಂಡಸರಿಗೆ ಹಮಾಲಿ, ಕಟ್ಟಡದ ಕೂಲಿ ಸಿಕ್ತು. ಮಾತಂಗ, ಮಹಾರ್ ಸಮುದಾಯದ ಎಷ್ಟೋ ಹೆಂಗಸರಿಗೆ ಮನೆಗೆಲಸನೂ ಸುಲಭಕ್ಕೆ ಸಿಗಲಿಲ್ಲ. ಅಡುಗೆಮನೆ ಒಳಗೆ ಬಿಡಬೇಕಾದ್ರೆ ಜಾತಿ ಕೇಳ್ತಾರಲ್ಲ. ಯಾರೂ ಜಾತಿ ಕೇಳದ ಒಂದೇ ಜಾಗ ಅಂದ್ರೆ ಬೀದಿಯ ಕಸದ ತೊಟ್ಟಿ.

ಆಗ ಊರಿನ ಕಸದ ವ್ಯವಸ್ಥೆ ಹೀಗಿತ್ತು: ಎಲ್ಲರೂ ಬೀದಿಮೂಲೆಯ ದೊಡ್ಡ ಕಬ್ಬಿಣದ ಕಂಟೇನರಿಗೆ ಕಸ ಸುರೀತಿದ್ರು. ಹಸಿ, ಒಣ, ಗಾಜು, ಬ್ಲೇಡು, ಸತ್ತ ಇಲಿ ಎಲ್ಲಾ ಒಟ್ಟಿಗೆ. ಪಾಲಿಕೆಯ ಲಾರಿ ಬಂದು ಅದನ್ನ ಊರಾಚೆ ಒಯ್ದು ಸುರೀತಿತ್ತು. ಲಾರಿ ಬರೋದರ ಒಳಗೆ ಈ ಹೆಂಗಸರು, ಮಕ್ಕಳು ಅದರೊಳಗೆ ಇಳಿದು ಕಾಗದ, ಬಾಟಲಿ, ತಗಡು ಹೆಕ್ಕಿ ಗುಜರಿ ಅಂಗಡಿಗೆ ಮಾರ್ತಿದ್ರು. ತೂಕದಲ್ಲಿ ಮೋಸ, ಪೊಲೀಸರ ಕಾಟ, ‘ಕಳ್ಳರು’ ಅನ್ನೋ ಹೆಸರು. ಎಲ್ಲಾದ್ರೂ ಕಳವಾದ್ರೆ ಮೊದಲು ಹಿಡಿಯೋದು ಇವರನ್ನೇ.

ಆ ಹೆಂಗಸು ದಿನಾ ಎತ್ತಿದ ಅಷ್ಟೂ ಕಿಲೋ ಕಸ ಪಾಲಿಕೆಯ ಲಾರಿ ಹೊರಬೇಕಾಗಿರಲಿಲ್ಲ. ಡೀಸೆಲ್ ಉಳೀತು, ಊರಾಚೆ ಜಾಗ ಉಳೀತು, ಕಾಗದ ಕಾರ್ಖಾನೆಗೆ ಕಚ್ಚಾ ಮಾಲು ಸಿಕ್ತು. ಇವತ್ತು ನಾವು ‘ಸುಸ್ಥಿರ ಅಭಿವೃದ್ಧಿ’ ಅಂತ ಸ್ಲೈಡ್ ಮಾಡಿ ತೋರಿಸ್ತೀವಲ್ಲ, ಆ ಕೆಲಸ ಆಗಲೇ ನಡೀತಿತ್ತು. ಪಾಲಿಕೆಯ ಯಾವ ಕಡತದಲ್ಲೂ ಅದಕ್ಕೆ ಹೆಸರಿರಲಿಲ್ಲ ಅಷ್ಟೇ.

ಅಕ್ಷರ ಕಲಿಸೋಕೆ ಹೋದವರು

1990ರ ಹೊತ್ತಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಪುಣೆ ಕೇಂದ್ರದ ವಯಸ್ಕರ ಶಿಕ್ಷಣ ವಿಭಾಗದವರು ಕಸ ಆಯೋ ಮಕ್ಕಳಿಗೆ ಅಕ್ಷರ ಕಲಿಸೋಕೆ ಅಂತ ಬಸ್ತಿಗಳಿಗೆ ಹೋದ್ರು. ಲಕ್ಷ್ಮೀ ನಾರಾಯಣ್, ಪೂರ್ಣಿಮಾ ಚಿಕರಮನೆ ಇದರಲ್ಲಿ ಮುಖ್ಯರು. ಪಾಠ ಹೇಳೋಕೆ ಹೋದವರು ಮಕ್ಕಳ ಹಿಂದೆ, ಅವರ ಅಮ್ಮಂದಿರ ಹಿಂದೆ ಕಂಟೇನರ್ ತನಕ ಹೋದ್ರು. ಅಲ್ಲಿ ಅವರಿಗೆ ಒಂದು ಸರಳ ವಿಷಯ ಹೊಳೀತು. ಮನೆಯಲ್ಲೇ ಒಣಕಸ ಬೇರೆ ಇಟ್ಟು ನೇರವಾಗಿ ಈ ಹೆಂಗಸರ ಕೈಗೆ ಕೊಟ್ರೆ ಏನಾಗುತ್ತೆ? ಕೆಲಸದ ಹೊತ್ತು ಕಡಿಮೆ ಆಗುತ್ತೆ, ಮಾಲು ಕೊಳೆಯಲ್ಲ, ದುಡ್ಡು ಜಾಸ್ತಿ ಬರುತ್ತೆ, ಮಕ್ಕಳನ್ನ ಜೊತೆ ಕರ್ಕೊಂಡು ಹೋಗೋ ಅಗತ್ಯ ಬೀಳಲ್ಲ.

ವಿಶ್ವವಿದ್ಯಾಲಯವೇ ಸುಮಾರು 30 ಹೆಂಗಸರಿಗೆ ಗುರುತಿನ ಚೀಟಿ ಮಾಡಿಕೊಟ್ಟು, ಕೆಲವು ಕಾಲೊನಿಗಳ ಮನೆಯವರ ಜೊತೆ ಮಾತಾಡಿ ಈ ಪದ್ಧತಿ ಶುರು ಮಾಡ್ತು. ಚೆನ್ನಾಗೇ ನಡೀತಿತ್ತು. ಅಷ್ಟರಲ್ಲಿ ಒಬ್ಬ ವ್ಯಾಪಾರಿ ಮೋಟಾರು ಗಾಡಿ ತಗೊಂಡು ಅದೇ ಬೀದಿಗಳಲ್ಲಿ ಅದೇ ಸೇವೆ ಶುರು ಮಾಡಿದ. ಮನೆಯವರಿಗೆ ಗಾಡಿ ಚೆಂದ ಕಾಣಿಸ್ತು. ಈ ಹೆಂಗಸರ ಅನ್ನ ಹೋಯ್ತು.

ಇದನ್ನ ಓದಿದಾಗ ನನಗೆ ಮೈ ಜುಂ ಅಂತು. ಮೂವತ್ತು ವರ್ಷದ ಹಿಂದಿನ ಗಾಡಿ. ನಾನು ಕೈ ಎತ್ತಿದ್ದೂ ಗಾಡಿಗೇ.

ಅವತ್ತು ಆ ಹೆಂಗಸರು ಸುಮ್ಮನಿರಲಿಲ್ಲ. ಪ್ರತಿಭಟನೆ ಮಾಡಿದ್ರು, ಮನೆಮನೆಗೆ ಹೋಗಿ ಕೇಳ್ಕೊಂಡ್ರು, ಕೆಲಸ ಉಳಿಸಿಕೊಂಡ್ರು. ಆದರೆ ಒಂದು ಪಾಠ ಸಿಕ್ತು: 30 ಜನರಿಂದ ಇದು ಆಗೋ ಮಾತಲ್ಲ, ಊರಿನ ಎಲ್ಲಾ ಕಸ ಆಯೋರೂ ಒಟ್ಟಾಗಬೇಕು. 1993ರ ಮೇ ತಿಂಗಳಲ್ಲಿ ಪುಣೆಯಲ್ಲಿ ಒಂದು ಸಮಾವೇಶ ನಡೀತು. 800ಕ್ಕೂ ಹೆಚ್ಚು ಜನ ಬಂದಿದ್ರು. ಅಧ್ಯಕ್ಷತೆ ಡಾ. ಬಾಬಾ ಆಢಾವ್ ಅವರದ್ದು. ಪುಣೆಯ ಹಮಾಲರನ್ನ 1950ರ ದಶಕದಲ್ಲೇ ‘ಹಮಾಲ್ ಪಂಚಾಯತ್’ ಅಂತ ಸಂಘಟಿಸಿದವರು ಅವರು. ಆಮೇಲೆ ಹಳ್ಳಿಗಳಲ್ಲಿ ದಲಿತರಿಗೂ ಸವರ್ಣೀಯರಿಗೂ ಒಂದೇ ನೀರಿನ ತಾಣ ಇರಬೇಕು ಅಂತ ‘ಏಕ್ ಗಾವ್ ಏಕ್ ಪಾಣವಠಾ’ ಚಳವಳಿ ನಡೆಸಿದವರು. ಆ ಸಮಾವೇಶದಲ್ಲಿ ಹುಟ್ಟಿದ ಸಂಘಟನೆಯ ಹೆಸರು ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’. ಅಂದ್ರೆ ಕಾಗದ, ಗಾಜು, ತಗಡಿನ ದುಡಿಮೆಗಾರರ ಪಂಚಾಯಿತಿ.

ಆ ಹೆಸರಲ್ಲಿ ‘ಕಸ’ ಅನ್ನೋ ಮಾತೇ ಇಲ್ಲ, ಗಮನಿಸಿ. ನಾವು ಆಯೋದು ಮಾಲು, ಮಾಡೋದು ದುಡಿಮೆ ಅಂತ ಹೆಸರಲ್ಲೇ ಹೇಳಿದ್ರು.

ಮೂರು ಸಾಲು, ಮೂರು ಇಲಾಖೆ

ಈಗ ಸ್ವಲ್ಪ ದೆಹಲಿಗೆ ಹೋಗೋಣ. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ಕ್ಕೆ. ಪುಣೆಯ ಸಮಾವೇಶ ಆಗಿ ತಿಂಗಳೂ ಸರಿಯಾಗಿ ಕಳೆದಿರಲಿಲ್ಲ. ನಗರಸಭೆ, ಮಹಾನಗರ ಪಾಲಿಕೆಗಳಿಗೆ ಸಂವಿಧಾನದ ಸ್ಥಾನ ಕೊಟ್ಟ ತಿದ್ದುಪಡಿ ಅದು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ.

ಆ ಪಟ್ಟಿಯ 6ನೇ ಬಾಬತ್ತು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ. 8ನೆಯದು ನಗರದ ಮರಗಿಡ, ಪರಿಸರ ರಕ್ಷಣೆ. 9ನೆಯದು ಸಮಾಜದ ದುರ್ಬಲ ವರ್ಗಗಳ ಹಿತ ಕಾಯೋದು.

ಕಾಗದದ ಮೇಲೆ ಒಂದರ ಹತ್ತಿರ ಒಂದು ಇವೆ. ಆದರೆ ಪಾಲಿಕೆ ಕಟ್ಟಡದೊಳಗೆ ಇವು ಬೇರೆ ಬೇರೆ ಮಹಡಿ. ಕಸದ ಇಲಾಖೆಯ ಎಂಜಿನಿಯರಿಗೆ ಎಷ್ಟು ಟನ್ ಎತ್ತಿದೆವು ಅನ್ನೋದೇ ಲೆಕ್ಕ. ಪರಿಸರ ವಿಭಾಗಕ್ಕೆ ಕೆರೆ, ಮರ. ಸಮಾಜ ಕಲ್ಯಾಣದವರಿಗೆ ಹೊಲಿಗೆ ಯಂತ್ರ, ವಿದ್ಯಾರ್ಥಿವೇತನ. ಕಸ ಎತ್ತೋ ದಲಿತ ಹೆಂಗಸು ಮೂರೂ ಇಲಾಖೆಗೆ ಸೇರಬೇಕು. ಅದಕ್ಕೇ ಒಂದಕ್ಕೂ ಸೇರಲ್ಲ.

1992ರ ರಿಯೊ ಭೂಶೃಂಗಸಭೆಯಲ್ಲಿ ಬಂದ ‘ಅಜೆಂಡಾ 21’ರಲ್ಲೂ ಸ್ಥಳೀಯ ಸರ್ಕಾರಗಳಿಗೆ ಅಂತಲೇ ಒಂದು ಅಧ್ಯಾಯ ಇತ್ತು: ಜನರ ಜೊತೆ ಕೂತು ಮಾತಾಡಿ ನಿಮ್ಮ ಊರಿನ ಯೋಜನೆ ಮಾಡಿ ಅಂತ. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ನಗರಗಳು ಎಲ್ಲರನ್ನೂ ಒಳಗೊಳ್ಳಬೇಕು ಅನ್ನುತ್ತೆ. ಒಳ್ಳೆ ಮಾತುಗಳೇ. ಆದರೆ ಒಂದು ಊರಿನ ಪಾಲಿಕೆ ‘ಒಳಗೊಳ್ಳೋದು’ ಅಂದ್ರೆ ದಿನನಿತ್ಯದಲ್ಲಿ ಏನು ಮಾಡುತ್ತೆ? ಪುಣೆಯಲ್ಲಿ ಅದು ಒಂದು ಚಿಕ್ಕ ಕಾರ್ಡಿಂದ ಶುರುವಾಯ್ತು.

ಕಾರ್ಡಿನ ಮೇಲಿನ ಮೊಹರು

ಪಂಚಾಯತಿನವರ ಮೊದಲ ಬೇಡಿಕೆ ಸಂಬಳ ಅಲ್ಲ, ಸಬ್ಸಿಡಿ ಅಲ್ಲ. ಸಂಘಟನೆ ಕೊಡೋ ಗುರುತಿನ ಚೀಟಿಗೆ ಪಾಲಿಕೆ ತನ್ನ ಒಪ್ಪಿಗೆಯ ಗುರುತು ಹಾಕಬೇಕು ಅನ್ನೋದು. 1990ರ ದಶಕದ ನಡುವೆ ಪುಣೆ ಪಾಲಿಕೆ ಅದಕ್ಕೆ ಒಪ್ಪಿತು. ದೇಶದಲ್ಲೇ ಇಂಥ ಕೆಲಸ ಮಾಡಿದ ಮೊದಲ ಪಾಲಿಕೆಗಳಲ್ಲಿ ಪುಣೆ ಒಂದು.

ಕಾರ್ಡ್ ಇದ್ರೆ ಪೊಲೀಸ್ ತಡೆದಾಗ ತೋರಿಸಬಹುದು. ಸೊಸೈಟಿಯ ಕಾವಲುಗಾರ ಒಳಗೆ ಬಿಡ್ತಾನೆ. ಇದೆಲ್ಲಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಯಾರು ಈ ಕೆಲಸ ಮಾಡ್ತಿದಾರೆ ಅಂತ ಪಾಲಿಕೆಗೆ ಒಂದು ಪಟ್ಟಿ ಸಿಕ್ತು. ಪಟ್ಟಿ ಸಿಕ್ಕ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಅಂತ ಹೇಳೋಕಾಗಲ್ಲ. 2002-03ರ ಹೊತ್ತಿಗೆ ಅದೇ ಪಟ್ಟಿಯ ಆಧಾರದ ಮೇಲೆ ಪಾಲಿಕೆ ಇವರ ಆರೋಗ್ಯ ವಿಮೆಯ ಕಂತು ಕಟ್ಟೋಕೆ ಶುರು ಮಾಡ್ತು. ಇವರು ಪಾಲಿಕೆಯ ನೌಕರರಲ್ಲ. ಆದರೂ ಪಾಲಿಕೆ ಯಾಕೆ ಕಂತು ಕಟ್ಟಿತು?

ಇಲ್ಲಿ ನಮ್ಮಂಥ ಲೆಕ್ಕದ ಜನಕ್ಕೆ ಇಷ್ಟ ಆಗೋ ಭಾಗ ಬರುತ್ತೆ. 2001ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ ಪುಣೆಯ ಕಸ ಆಯೋರ ಬಗ್ಗೆ, ಗುಜರಿ ವ್ಯಾಪಾರದ ಬಗ್ಗೆ ಒಂದು ಅಧ್ಯಯನ ನಡೀತು. ಇವರ ದುಡಿಮೆಯಿಂದ ಪಾಲಿಕೆಗೆ ಕಸ ಸಾಗಿಸೋ ಖರ್ಚಿನಲ್ಲಿ ಎಷ್ಟು ಉಳೀತಿದೆ ಅಂತ ಅದರಲ್ಲಿ ಲೆಕ್ಕ ಹಾಕಿ ತೋರಿಸಿದ್ರು. ಹಾಗಾಗಿ ಪಾಲಿಕೆ ಎದುರು ವಾದ ಬದಲಾಯ್ತು. ‘ಬಡವರಿಗೆ ದಾನ ಕೊಡಿ’ ಅನ್ನೋದು ಹೋಗಿ, ‘ನಮ್ಮಿಂದ ನಿಮಗೆ ಉಳಿದ ದುಡ್ಡಲ್ಲಿ ನಮ್ಮ ಪಾಲು ಕೊಡಿ’ ಅಂತಾಯ್ತು.

ಇದೇ ಕಾಲದಲ್ಲಿ ಪಂಚಾಯತಿನವರು ಉಳಿತಾಯಕ್ಕೆ ತಮ್ಮದೇ ಪತ್ತಿನ ಸಂಘ ಕಟ್ಟಿಕೊಂಡ್ರು, ತೂಕದ ಮೋಸ ಇಲ್ಲದ ತಮ್ಮದೇ ಗುಜರಿ ಅಂಗಡಿಗಳನ್ನೂ ನಡೆಸಿದ್ರು.

ಒಳ್ಳೆ ನಿಯಮದಿಂದ ಬಂದ ಅಪಾಯ

2000ದಲ್ಲಿ ಕೇಂದ್ರ ಸರ್ಕಾರ ನಗರ ಘನತ್ಯಾಜ್ಯ ನಿಯಮಗಳನ್ನ ತಂತು. ಬೀದಿಯಲ್ಲಿ ಕಸ ಬೀಳಬಾರದು, ಮನೆಬಾಗಿಲಿಂದಲೇ ಸಂಗ್ರಹ ಆಗಬೇಕು, ವಿಂಗಡಣೆ ಆಗಬೇಕು. ಪರಿಸರದ ದೃಷ್ಟಿಯಿಂದ ಬಹಳ ಒಳ್ಳೆಯದು. ಆದರೆ ಕಂಟೇನರಿಂದ ಬದುಕ್ತಿದ್ದವಳ ಕಡೆಯಿಂದ ನೋಡಿ. ಕಂಟೇನರ್ ಹೋಯ್ತು ಅಂದ್ರೆ ಮಾಲು ಹೋಯ್ತು. ಮನೆಬಾಗಿಲಿಗೆ ಗುತ್ತಿಗೆದಾರನ ಗಾಡಿ ಬಂತು ಅಂದ್ರೆ ಕಾಗದ, ಬಾಟಲಿ ಎಲ್ಲಾ ಆತನ ಪಾಲು. ಕಾರ್ಡ್ ಕೊರಳಲ್ಲೇ ಇರುತ್ತೆ, ಕೆಲಸ ಇರಲ್ಲ.

ದೇಶದ ಎಷ್ಟೋ ಊರುಗಳಲ್ಲಿ ಹಾಗೇ ಆಯ್ತು. ಊರು ಚೊಕ್ಕಟ ಮಾಡೋ ಯೋಜನೆ ಮೊದಲು ಗುಡಿಸಿ ಹಾಕಿದ್ದು ಅದುವರೆಗೆ ಚೊಕ್ಕಟ ಮಾಡ್ತಿದ್ದವರನ್ನೇ.

ಪುಣೆಯವರ ಯೋಚನೆ ಬೇರೆ: ಮನೆಬಾಗಿಲಿಗೆ ಯಾರಾದ್ರೂ ಹೋಗಲೇಬೇಕು ಅಂದ್ಮೇಲೆ ನಾವೇ ಹೋಗ್ತೀವಿ. 2005ರಲ್ಲಿ ಪಾಲಿಕೆ ಜೊತೆ ಪ್ರಾಯೋಗಿಕವಾಗಿ ಶುರುವಾಯ್ತು. 2007ರಲ್ಲಿ ‘ಸ್ವಚ್ಛ್’ ಅನ್ನೋ ಸಹಕಾರ ಸಂಘ ನೋಂದಣಿ ಆಯ್ತು. ಅದರ ಮಾಲೀಕರು ಕಸ ಎತ್ತೋ ಈ ಸದಸ್ಯರೇ. 2008ರಲ್ಲಿ ಪುಣೆ ಪಾಲಿಕೆ ಈ ಸಂಘದ ಜೊತೆ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕ್ತು.

ಈ ವ್ಯವಸ್ಥೆ ನಡೆಯೋ ರೀತಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾವು ದಿನಾ ನೋಡಿದ್ರೂ ಗೊತ್ತಿರಲ್ಲ.

ಸಾಮಾನ್ಯವಾಗಿ ಇಬ್ಬರು ಸೇರಿ ಕೆಲವು ನೂರು ಮನೆ ನೋಡ್ಕೊಳ್ತಾರೆ. ಪ್ರತಿ ಮನೆ ತಿಂಗಳಿಗೆ ಇಷ್ಟು ಅಂತ ಶುಲ್ಕ ಕೊಡಬೇಕು. ಆ ದುಡ್ಡು ನೇರ ಅವರಿಗೆ. ಹಸಿ ಕಸ ಗೊಬ್ಬರಕ್ಕೋ ಪಾಲಿಕೆಯ ಗಾಡಿಗೋ ಹೋಗುತ್ತೆ. ಒಣಕಸ ಅವರು ವಿಂಗಡಿಸ್ತಾರೆ. ಮಾರೋಕೆ ಬರೋದನ್ನ ಮಾರಿ ಬಂದ ದುಡ್ಡೂ ಅವರದ್ದೇ. ಪಾಲಿಕೆ ಸಂಘದ ಆಡಳಿತದ ಖರ್ಚು, ಕೈಗವಸು, ತಳ್ಳುಗಾಡಿ, ವಿಂಗಡಣೆಗೆ ಜಾಗ ಇವನ್ನ ಕೊಡಬೇಕು. ಕೊಳೆಗೇರಿಯ ಮನೆಯವರು ಪೂರ್ತಿ ಶುಲ್ಕ ಕೊಡೋಕಾಗಲ್ಲ ಅಂತ ಅಲ್ಲಿಗೆ ಪಾಲಿಕೆಯ ಸಹಾಯಧನ.

ಇವತ್ತು ಮೂರು ಸಾವಿರಕ್ಕೂ ಹೆಚ್ಚು ಸದಸ್ಯರು ಪುಣೆಯ ಲಕ್ಷಾಂತರ ಮನೆಗಳಿಗೆ ಹೀಗೆ ಹೋಗ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು.

ಅದೇ 2008ರ ಮಾರ್ಚಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಕಸ ಆಯೋರ ಮೊದಲ ವಿಶ್ವ ಸಮ್ಮೇಳನ ನಡೀತು. ಬೊಗೊಟಾದಲ್ಲೂ ಇದೇ ಕಥೆ, ಆದರೆ ದಾರಿ ಬೇರೆ. ಅಲ್ಲಿಯವರು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ 2003ರಲ್ಲಿ, ಮತ್ತೆ 2011ರಲ್ಲಿ ಆದೇಶ ತಂದ್ರು. 2013ರಿಂದ ಬೊಗೊಟಾ ನಗರವೇ ಅವರು ಎತ್ತಿದ ಮಾಲಿನ ತೂಕ ನೋಡಿ ದುಡ್ಡು ಕೊಡೋಕೆ ಶುರು ಮಾಡ್ತು. ಪುಣೆಯ ಹೆಂಗಸರಿಗೆ ದುಡ್ಡು ಕೊಡಬೇಕಾದವರು ನಾವು, ಮನೆಯವರು. ಅದರ ತೊಂದರೆಗೆ ಆಮೇಲೆ ಬರ್ತೀನಿ.

ಅರ್ಧ ಗೆಲುವು

ಇಲ್ಲಿವರೆಗೆ ಕೇಳಿದ್ರೆ ಎಲ್ಲಾ ಸುಖಾಂತ ಅನಿಸಬಹುದು. ಹಾಗಿಲ್ಲ.

ಐದು ವರ್ಷದ ಒಪ್ಪಂದ 2013ರ ಕೊನೆಗೆ ಮುಗೀತು. ಆಮೇಲೆ ಹೊಸ ಒಪ್ಪಂದ ಆಗೋಕೆ ವರ್ಷಗಳೇ ಹಿಡಿದವು. 2020ರ ಕೊನೆಗೆ ಮತ್ತೆ ಅವಧಿ ಮುಗೀತು, ಮತ್ತೆ ಅದೇ ಅನಿಶ್ಚಿತತೆ. ಅದೂ ಯಾವ ವರ್ಷ ನೋಡಿ! ನಾವೆಲ್ಲಾ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಬಿಸ್ಕತ್ ಪೊಟ್ಟಣದ ಮೇಲೂ ಸ್ಯಾನಿಟೈಸರ್ ಹೊಡೀತಿದ್ದಾಗ, ಇವರು ದಿನಾ ಬಂದು ಕಸ ಎತ್ತಿದ್ರು. ವರ್ಷ ಮುಗಿಯೋ ಹೊತ್ತಿಗೆ ಕೆಲಸ ಇರುತ್ತೋ ಇಲ್ಲವೋ ಅನ್ನೋ ಚಿಂತೆ ಅವರಿಗೆ.

ಯಾಕೆ ಹೀಗಾಗುತ್ತೆ? ಯಂತ್ರ, ಗಾಡಿ, ಟೆಂಡರ್ ಇರೋ ದಾರಿ ಪಾಲಿಕೆಗೆ ಯಾವಾಗಲೂ ಸುಲಭ. ಒಬ್ಬ ಗುತ್ತಿಗೆದಾರ, ಒಂದು ಬಿಲ್ಲು. ಸಾವಿರಾರು ಹೆಂಗಸರ ಸಂಘದ ಜೊತೆ ಕೂತು ಮಾತಾಡೋದು ತಲೆನೋವು. ಇನ್ನೊಂದು ವಿಷಯ, ಮಾತಾಡೋಕೆ ಎದುರುಗಡೆ ಯಾರಾದ್ರೂ ಇರಬೇಕಲ್ಲ? 2022ರ ಮಾರ್ಚಿಂದ ಹಲವು ವರ್ಷ ಪುಣೆ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ, ಆಡಳಿತಾಧಿಕಾರಿಯ ಆಳ್ವಿಕೆ. ನಮ್ಮ ಬೆಂಗಳೂರಿನ ಕಥೆನೂ ಅದೇ. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೀಲಿಲ್ಲ. ವಾರ್ಡಿನ ಸದಸ್ಯ ಒಳ್ಳೆಯವನೋ ಕೆಟ್ಟವನೋ, ಆತನ ಮನೆಮುಂದೆ ನೂರು ಹೆಂಗಸರು ಹೋಗಿ ಕೂತ್ರೆ ಆತ ಹೊರಗೆ ಬರಲೇಬೇಕು. ಅಧಿಕಾರಿಗೆ ಆ ಒತ್ತಾಯ ಇಲ್ಲ.

ಮುಟ್ಟಿನ ಪ್ಯಾಡು, ಮಕ್ಕಳ ಡೈಪರ್ ವಿಷಯನೂ ಹೇಳಲೇಬೇಕು. ಇವನ್ನ ನಾವು ಹಾಗೇ ಬುಟ್ಟಿಗೆ ಹಾಕ್ತೀವಿ, ಅವರು ಕೈಯಲ್ಲಿ ಬಿಡಿಸಬೇಕು. 2013ರಲ್ಲಿ ಸ್ವಚ್ಛ್ ಸದಸ್ಯರು ಬಳಸಿದ ಪ್ಯಾಡುಗಳನ್ನ ಚೀಲ ತುಂಬಿ ಅವುಗಳನ್ನ ತಯಾರಿಸೋ ಕಂಪನಿಗಳಿಗೇ ವಾಪಸ್ ಕಳಿಸಿದ್ರು. 2016ರ ನಿಯಮಗಳಲ್ಲಿ ಪ್ಯಾಡ್ ತಯಾರಕರು ಸುತ್ತಿ ಬಿಸಾಡೋಕೆ ಕಾಗದ ಅಥವಾ ಚೀಲ ಕೊಡಬೇಕು ಅನ್ನೋ ಮಾತು ಬಂತು. 2017ರಲ್ಲಿ ಪುಣೆಯಲ್ಲಿ ‘ಕೆಂಪು ಚುಕ್ಕೆ’ ಅಭಿಯಾನ ಶುರುವಾಯ್ತು: ಕಾಗದದಲ್ಲಿ ಸುತ್ತಿ ಮೇಲೆ ಒಂದು ಕೆಂಪು ಚುಕ್ಕೆ ಇಡಿ, ಬಿಚ್ಚದೇ ಬೇರೆ ಇಡ್ತೀವಿ ಅಂತ. ಎಷ್ಟು ಚಿಕ್ಕ ಕೋರಿಕೆ ನೋಡಿ. ನಮ್ಮ ಮನೆಯಲ್ಲಿ ಎರಡು ಮಕ್ಕಳ ಡೈಪರ್ ಹೋಯ್ತು. ಒಂದಕ್ಕೂ ಚುಕ್ಕೆ ಇಟ್ಟ ನೆನಪಿಲ್ಲ.

ಅದೇ 2016ರ ಘನತ್ಯಾಜ್ಯ ನಿಯಮಗಳು ಇಡೀ ದೇಶಕ್ಕೆ ಒಂದು ಮುಖ್ಯ ಮಾತು ಹೇಳಿದವು. ಕಸ ಆಯೋರು ಅಂದ್ರೆ ಯಾರು ಅಂತ ವ್ಯಾಖ್ಯಾನ ಕೊಟ್ಟು, ಅವರ ಸಂಘಟನೆಗಳನ್ನ ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸ್ಕೊಳ್ಳೋದು ಸ್ಥಳೀಯ ಸಂಸ್ಥೆಗಳ ಕರ್ತವ್ಯ ಅಂದವು. ಪುಣೆಯಲ್ಲಿ ಹೋರಾಡಿ ಪಡೆದದ್ದು ಇಪ್ಪತ್ತು ವರ್ಷ ಆದ ಮೇಲೆ ದೇಶದ ನಿಯಮ ಆಯ್ತು.

ಪುಣೆಯಿಂದ ಬೆಂಗಳೂರಿಗೆ

ನಮ್ಮ ಬೆಂಗಳೂರಿಗೆ ಈ ಕಥೆಯ ನೇರ ಕೊಂಡಿ ಇದೆ. ಪುಣೆಯ ಪಂಚಾಯತಿನ ಆರಂಭದ ದಿನಗಳಲ್ಲಿ ಕೆಲಸ ಮಾಡಿದ್ದ ನಳಿನಿ ಶೇಖರ್ ಮುಂದೆ ಬೆಂಗಳೂರಿನಲ್ಲಿ ‘ಹಸಿರು ದಳ’ ಕಟ್ಟಿದವರಲ್ಲಿ ಒಬ್ಬರು. 2011ರಲ್ಲಿ ಕರ್ನಾಟಕ ಹೈಕೋರ್ಟಿನ ಲೋಕ ಅದಾಲತ್ ಕಸ ಆಯೋರನ್ನ ನೋಂದಾಯಿಸಿ ಅಂತ ಹೇಳಿದ ಮೇಲೆ ಬಿಬಿಎಂಪಿ ತನ್ನದೇ ಲಾಂಛನ ಇರೋ ಗುರುತಿನ ಚೀಟಿಗಳನ್ನ ಕೊಡ್ತಾ ಬಂತು.

2012ರಲ್ಲಿ ಮಾವಳ್ಳಿಪುರದ ಜನ ‘ನಿಮ್ಮ ಕಸ ನಮಗೆ ಬೇಡ’ ಅಂದ್ರು. ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸದ ಗುಡ್ಡ ಎದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2014ರಲ್ಲಿ ಮಂಡೂರಿನವರು ಬೀದಿಗಿಳಿದ್ರು. ಇಲ್ಲಿ ಪುಣೆಯಲ್ಲೂ ಉರುಳಿ ದೇವಾಚಿ, ಫುರ್ಸುಂಗಿ ಹಳ್ಳಿಗಳವರು ಹಲವು ಸಲ ಕಸದ ಲಾರಿ ತಡೆದಿದ್ದಾರೆ. ಒಳಗೊಳ್ಳೋದು ಅಂತ ಮಾತಾಡುವಾಗ ಈ ಹಳ್ಳಿಗಳನ್ನ ನಾವು ಮರೀತೀವಿ. ವಿಂಗಡಿಸದೆ ನಾವು ಬಿಸಾಡಿದ್ದು ಎಲ್ಲೂ ಮಾಯ ಆಗಲ್ಲ. ಯಾರದೋ ಬಾವಿಯ ನೀರಿಗೆ ಹೋಗುತ್ತೆ.

ಆ ಬಿಕ್ಕಟ್ಟಿಂದಲೇ ಬೆಂಗಳೂರಿನಲ್ಲಿ ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳು ಬಲಗೊಂಡವು. ಹಲವು ಕೇಂದ್ರಗಳನ್ನ ನಡೆಸೋರು ಒಂದು ಕಾಲಕ್ಕೆ ಬೀದಿಯಲ್ಲಿ ಚೀಲ ಹಿಡಿದು ಆಯ್ತಿದ್ದವರೇ.

ಒಂದು ಅನುಮಾನ

ಓದ್ತಾ ಹೋದಾಗ ನನಗೆ ಬಂದ ಅನುಮಾನವನ್ನ ನಿಮ್ಮಿಂದ ಮುಚ್ಚಿಡಲ್ಲ.

1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ಕರ್ನಾಟಕದಲ್ಲಿ ತಲೆಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧಿಸಿದ್ರು. ದೇಶದ ಕಾನೂನು ಅಲ್ಲಿಗೆ ಬರೋಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು. ಅವರು ಮಲ ಹೊರೋರಿಗೆ ಒಳ್ಳೆ ಬಕೆಟ್ ಕೊಡ್ತೀನಿ, ಕಾರ್ಡ್ ಕೊಡ್ತೀನಿ ಅನ್ನಲಿಲ್ಲ. ಆ ಕೆಲಸವೇ ಇರಬಾರದು ಅಂದ್ರು. ಹಾಗಾದ್ರೆ, ದಲಿತ ಹೆಂಗಸರ ಕೈಗೇ ಕಸದ ಗಾಡಿ ಕೊಟ್ಟು, ಮೇಲೊಂದು ಕಾರ್ಡ್ ಕೊಟ್ಟು ‘ಒಳಗೊಂಡೆವು’ ಅನ್ನೋದು ಸರಿನಾ? ಜಾತಿ ಅವರಿಗೆ ಹಚ್ಚಿದ ಕೆಲಸವನ್ನ ಪಾಲಿಕೆ ಮೊಹರು ಒತ್ತಿ ಗಟ್ಟಿ ಮಾಡಿದ ಹಾಗಾಗಲ್ವಾ?

ಈ ಪ್ರಶ್ನೆಯನ್ನ ಸುಲಭಕ್ಕೆ ತಳ್ಳಿಹಾಕೋಕೆ ಬರಲ್ಲ. ನನಗೆ ತೋಚಿದ್ದು ಇಷ್ಟು. ಮಲ ಹೊರೋದಕ್ಕೆ ಬದಲಿ ಇತ್ತು: ನೀರಿನ ಪಾಯಖಾನೆ. ಆ ಕೆಲಸ ಇಲ್ಲದಿದ್ರೂ ಊರು ನಡೀತಿತ್ತು. ಕಸ ಹಾಗಲ್ಲ, ಯಾರಾದ್ರೂ ಎತ್ತಲೇಬೇಕು, ವಿಂಗಡಿಸಲೇಬೇಕು, ನಾಳೆಯೂ. ಗಾಡಿ ಬಂದ್ರೆ ಈ ಹೆಂಗಸರು ಕಸದಿಂದ ಪಾರಾಗಲ್ಲ. ಅದೇ ಗಾಡಿಯ ಹಿಂದೆ ಕಡಿಮೆ ಕೂಲಿಗೆ ನಿಲ್ತಾರೆ, ಇಲ್ಲಾಂದ್ರೆ ಊರಾಚೆಯ ಕಸದ ಗುಡ್ಡಕ್ಕೆ ಹೋಗ್ತಾರೆ. ಗುತ್ತಿಗೆ ಪದ್ಧತಿಯ ಕಷ್ಟ ಏನು ಅಂತ ಬೆಂಗಳೂರಿನ ಪೌರಕಾರ್ಮಿಕರು 2022ರ ಜುಲೈನಲ್ಲಿ ಮುಷ್ಕರ ಹೂಡಿ ಹೇಳಿದ್ರಲ್ಲ.

ಆದ್ದರಿಂದ ನಾನು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಆಕೆ ಈ ಕೆಲಸ ಮಾಡ್ತಾ ಇರುವಾಗ ಅದರ ಬೆಲೆ ಸಿಗ್ತಿದೆಯಾ? ಆಕೆಯ ಮಗಳಿಗೆ ಬೇರೆ ಕೆಲಸ ಆರಿಸ್ಕೊಳ್ಳೋ ಶಕ್ತಿ ಅದರಿಂದ ಬರ್ತಿದೆಯಾ? ಮೊದಲ ಪ್ರಶ್ನೆಗೆ ಉತ್ತರ ಪಾಲಿಕೆಯ ಕೈಲಿ ಅರ್ಧ, ನಮ್ಮ ಕೈಲಿ ಅರ್ಧ. ಪುಣೆಯ ವ್ಯವಸ್ಥೆಯ ದೊಡ್ಡ ಬಿರುಕು ಇರೋದೂ ಅಲ್ಲೇ. ಮನೆಯವರು ಶುಲ್ಕ ಕೊಡದಿದ್ರೆ ಆಕೆ ಯಾರನ್ನ ಕೇಳಬೇಕು? ತಿಂಗಳ ಕೊನೆಗೆ ಬಾಗಿಲು ಬಾಗಿಲಿಗೆ ನಿಂತು ತನ್ನ ಕೂಲಿ ತಾನೇ ಬೇಡಬೇಕು. ‘ನಾಳೆ ಬಾ’, ‘ಚಿಲ್ಲರೆ ಇಲ್ಲ’, ‘ಆ ವಾರ ನಾವು ಊರಲ್ಲಿ ಇರಲಿಲ್ಲ’ — ಇವೆಲ್ಲಾ ನಾನೇ ಹೇಳಿದ ಮಾತುಗಳು.

ಮತ್ತೆ ಸೊಸೈಟಿ ಸಭೆ

ಆಮೇಲೆ ಏನಾಯ್ತು ಅಂತ ಹೋದ ವಾರ ಮಾತಾಡಿದಾಗ ಹೇಳಿರಲಿಲ್ಲ. ಈಗ ಹೇಳ್ತೀನಿ.

ನಾನು ಇನ್ನೊಂದು ಸಭೆ ಕರೀರಿ ಅಂತ ಕೇಳಿದೆ. ಮೊದಲು ‘ನಿರ್ಧಾರ ಆಗಿದೆ’ ಅಂದ್ರು. ನಾಲ್ಕು ಮನೆಯವರು ಸಹಿ ಹಾಕಿದ ಮೇಲೆ ಕರೆದ್ರು. ನಾನು ಈ ಇತಿಹಾಸ ಎಲ್ಲಾ ಹೇಳೋಕೆ ಹೋಗಲಿಲ್ಲ. ಯಾರಿಗೂ ಅಷ್ಟು ಪುರುಸೊತ್ತಿಲ್ಲ. ಎರಡೇ ಪ್ರಶ್ನೆ ಕೇಳಿದೆ. ಟೆಂಪೋದವರು ನಮ್ಮ ಒಣಕಸವನ್ನ ಎಲ್ಲಿಗೆ ಒಯ್ತಾರೆ, ಬರೆದು ಕೊಡ್ತಾರಾ? ಅವರ ಹುಡುಗರಿಗೆ ಕನಿಷ್ಠ ಕೂಲಿ ಕೊಡ್ತಾರಾ, ತೋರಿಸ್ತಾರಾ? ಎರಡಕ್ಕೂ ಉತ್ತರ ಬರಲಿಲ್ಲ. ಪ್ರಸ್ತಾಪ ಆರು ತಿಂಗಳಿಗೆ ಮುಂದಕ್ಕೆ ಹೋಯ್ತು. ರದ್ದಾಗಿಲ್ಲ, ಮುಂದಕ್ಕೆ ಹೋಗಿದೆ. ಇಷ್ಟರ ಮಟ್ಟಿಗೆ ನನ್ನ ಸಾಧನೆ.

ಇನ್ನೊಂದು ತೀರ್ಮಾನ ಆಯ್ತು, ಅದು ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು. ಕಸದ ಶುಲ್ಕವನ್ನ ಮನೆಮನೆಯಿಂದ ಆಕೆ ಕೇಳೋದು ಬೇಡ. ಮೇಂಟೆನೆನ್ಸ್ ಜೊತೆ ಸೇರಿಸಿ ಸೊಸೈಟಿಯೇ 5ನೇ ತಾರೀಖಿನೊಳಗೆ ಅವರ ಖಾತೆಗೆ ಹಾಕೋದು. ನಮ್ಮ ಸಂಬಳ ಹಾಗೇ ಬರುತ್ತಲ್ವಾ?

ಮರಾಠಿಯಲ್ಲಿ ಆಕೆಯನ್ನ ಎಲ್ಲರೂ ‘ತಾಯಿ’ ಅಂತಾರೆ. ಅಲ್ಲಿ ಆ ಮಾತಿಗೆ ಅಕ್ಕ ಅಂತ ಅರ್ಥ. ಪುಣೆಗೆ ಹೊಸದಾಗಿ ಬಂದಾಗ ಕಸದವಳನ್ನ ಎಲ್ಲರೂ ತಾಯಿ ಅಂತಾರಲ್ಲ, ಎಷ್ಟು ಗೌರವದ ಊರು ಅಂತ ನಾನು ಬೆರಗಾಗಿದ್ದೆ. ಈಗ ಗೊತ್ತಾಗಿದೆ, ಹಾಗೆ ಕರೆಯೋಕೆ ಏನೂ ಖರ್ಚಾಗಲ್ಲ.

ಮೊದಲ ತಿಂಗಳ ದುಡ್ಡು ಖಾತೆಗೆ ಬಂದ ಮಾರನೇ ದಿನ ಆಕೆ ಬಾಗಿಲಲ್ಲಿ ನಿಂತು ಅಂದ್ಲು: “ಅಣ್ಣಾರ, ರೊಕ್ಕ ಬಂದಾವ್ರೀ. ಈ ಸಲ ಯಾರ ಬಾಗಿಲದಾಗೂ ನಿಂದರಲಿಲ್ಲ.” ಆಮೇಲೆ ನಮ್ಮ ಬುಟ್ಟಿ ನೋಡಿ, “ಡೈಪರ್ ಮತ್ತ ಹಂಗ ಹಾಕೀರಿ ನೋಡ್ರಿ” ಅಂತ ಬೈದ್ಲು.

ಈಗ ನಮ್ಮ ಫ್ರಿಜ್ ಮೇಲೆ ಒಂದು ಕೆಂಪು ಸ್ಕೆಚ್ ಪೆನ್ ಇದೆ.

ನಿಮ್ಮ ಊರಲ್ಲಿ, ಅದು ಚೆನ್ನೈ ಆಗಿರಲಿ, ಹೈದರಾಬಾದ್ ಆಗಿರಲಿ, ನೋಯ್ಡಾ ಆಗಿರಲಿ, ನಿಮ್ಮ ಮನೆಯ ಕಸ ಒಯ್ಯೋರ ಕೊರಳಲ್ಲಿ ಯಾರ ಮೊಹರು ಇರೋ ಕಾರ್ಡ್ ಇದೆ, ಇಲ್ಲಾ ಕಾರ್ಡೇ ಇಲ್ಲವಾ, ನಾಳೆ ಬೆಳಿಗ್ಗೆ ಒಂದ್ಸಲ ಕೇಳಿ ನೋಡಿ. ಕೇಳುವಾಗ ಅವರ ಊರು ಯಾವುದು ಅಂತಾನೂ ಕೇಳಿ. ಮುಂದಿನ ವಾರ ಸಿಗೋಣ.